ಐರ್ಲೆಂಡಿಗೆ ಮನೆ ನೋಡಲು ಹೋದ ಅತ್ತೆ

ಬಂದವರಿಗೆ ಹೊಟ್ಟೆ ಬಿರಿಯುವಂತೆ ಉಣ್ಣಿಸುವುದರಲ್ಲಿ ಸಿಂದಗಿ ಸೀಮೆಗೇ ಹೆಸರಾದ ನಮ್ಮ ಸೋದರತ್ತೆ ಐರ್ಲೆಂಡಿನವರೆಗೆ ಹೋಗಿ, ಬೀಗರಾಗುವವರ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯದೆ ಅವರ ಬೆವರಿಳಿಸಿದಳೆಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಆ ದಿನ ಬೆವರಿದವರಲ್ಲಿ ನಾನೂ ಒಬ್ಬ!

ಅತ್ತೆಯ ಮಗಳು ಅಲ್ಲಿ ನರ್ಸ್. ಕುರಿ ಸಾಕುವ ಮನೆಯ ಹುಡುಗನೊಬ್ಬನನ್ನು ಮೆಚ್ಚಿದ್ದಳು. "ಅವ್ವ ಬ್ಯಾಡಂದ್ರ ಬ್ಯಾಡ" ಎಂದು ಮನೆಯವರಿಗೆ ಮಾತನ್ನೂ ಕೊಟ್ಟುಬಿಟ್ಟಿದ್ದಳು. ಹುಡುಗನ ಬಣ್ಣ, ಭಾಷೆ, ದೇವರು ಯಾವುದಕ್ಕೂ ಅತ್ತೆ ತಕರಾರು ತೆಗೆಯಲಿಲ್ಲ. "ಮನಿ ನೋಡದ ಹೆಣ್ಣು ಕೊಡೂದಿಲ್ಲ" ಎಂಬುದೊಂದೇ ಪಟ್ಟು. ಪಾಪ, ಹುಡುಗನ ಮನೆಯವರು ವಿಡಿಯೊ ಕಾಲ್ ಮಾಡಿ ಅಡುಗೆಮನೆಯಿಂದ ಕುರಿದೊಡ್ಡಿಯವರೆಗೆ ಎಲ್ಲವನ್ನೂ ತೋರಿಸಿದರು.

"ಫೋನಿನ್ಯಾಗ ಮನಿ ವಾಸನಿ ಬರತೈತೇನು?" ಎಂದಳು ಅತ್ತೆ.

ಮಾವನಿಗೆ ವಿಮಾನವೆಂದರೆ ಎದೆ ಝಲ್ಲೆನ್ನುತ್ತದೆ. ಹೀಗಾಗಿ ಇಂಗಳೇಶ್ವರದ ಸಾಲಿ ಮಾಸ್ತರನಾದ ನಾನು ದುಭಾಷಿಯಾಗಿ ಹೊರಟೆ.

ಹೋದವಳು ನೆಟ್ಟಗೆ ಬೀಗರ ಮನೆಗೆ ನುಗ್ಗಿದಳೇ? ಎಲ್ಲಿಯ ಮಾತು! ಮೊದಲು ನೆರೆಮನೆಯವರನ್ನು ವಿಚಾರಿಸಬೇಕಲ್ಲ! ಪಕ್ಕದ ಮನೆಯ ಕದ ತಟ್ಟಿಸಿದಳು. ಮುದುಕನೊಬ್ಬ ಹೊರಬಂದ. ಅತ್ತೆ ನನ್ನತ್ತ ತಿರುಗಿದಳು.

"ಕೇಳು ತಮ್ಮಾ. ಈ ಮಂದಿ ಜಗಳಗಂಟರೇನು? ಯಜಮಾನ ಕುಡಿತಾನೇನು?"

ನಾನು ಹಿಂಜರಿಯುತ್ತಲೇ ಇಂಗ್ಲಿಷಿನಲ್ಲಿ ಕೇಳಿದೆ. ಮುದುಕ ಗಡ್ಡ ಕೆರೆದುಕೊಂಡು, "ಕುಡಿಯುತ್ತಾನೆ, ಶನಿವಾರಕ್ಕೊಮ್ಮೆ. ನನ್ನ ಜೊತೆಗೇ!" ಎಂದ.

ಸಂಬಂಧ ಕೆಟ್ಟಿತೆಂದೇ ನಾನು ತಿಳಿದೆ. ಅತ್ತೆಯ ಮುಖ ಮಾತ್ರ ಅರಳಿತು. "ಖರೇ ಹೇಳ್ಯಾನ. ಬರೇ ಹೊಗಳಿದ್ದರ ನನಗ ಸಂಶೇ ಬರತಿತ್ತು."

ಆಮೇಲೆ ಬೀಗರ ಮನೆ. ಮಗಳು ಮೊದಲೇ ಅಲ್ಲಿಗೆ ಬಂದು ಕಾದಿದ್ದಳು. ಚಹಾ ಬಂತು, ಅತ್ತೆ ಕೈಮುಗಿದಳು. ಕೇಕ್ ಬಂತು, ಕೈಮುಗಿದಳು. ಹಣ್ಣಿನ ರಸ ಬರುವ ಹೊತ್ತಿಗೆ ಮುಗಿದ ಕೈ ಇಳಿಸಲೇ ಇಲ್ಲ! ಹುಡುಗನ ತಾಯಿಯ ಮುಖ ಬಾಡಿತು.

"ಅವ್ವಾ, ನೀರಾದ್ರೂ ಕುಡಿ. ಇವರು ತಪ್ಪು ತಿಳಕೋತಾರ," ಮಗಳು ಅಳುವಂತಾದಳು.

"ಒಪ್ಪಿಗಿ ಆಗಲಾರದ ಮನ್ಯಾಗ ನೀರು ಕುಡದ್ರ ಋಣ ಬೀಳತೈತಿ. ಆಮ್ಯಾಲೆ ಬ್ಯಾಡ ಅನ್ನಾಕ ನಾಲಗಿ ಏಳೂದಿಲ್ಲ. ಸುಮ್ನ ಕುಂದರು."

ತಾನು ಮಾತ್ರ ಕುಳಿತುಕೊಳ್ಳಲಿಲ್ಲ. ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದಳು. ದೊಡ್ಡಿಗೆ ಹೋಗಿ ಕುರಿಯೊಂದರ ಬಾಯಿ ತೆರೆದು ಹಲ್ಲು ನೋಡಿದಳು. ಇನ್ನು ಹುಡುಗನ ಸರದಿಯೋ ಏನೋ ಎಂದು ನನಗೆ ದಿಗಿಲು! ಚಹಾದ ಬಟ್ಟಲುಗಳನ್ನು ಅಪ್ಪ ಮಗ ಇಬ್ಬರೂ ತೊಳೆಯುವುದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟಳು. ನೀರು ಕೇಳುತ್ತಾಳೆಂದು ಕಾದೆವು. ಕೇಳಲಿಲ್ಲ.

ಕೊನೆಗೆ ಹುಡುಗನ ತಾಯಿಯ ಎದುರು ನಿಂತಳು. "ತಮ್ಮಾ, ಇದನ್ನ ಸರಿಯಾಗಿ ಕೇಳು. ನನ್ನ ಮಗಳಿಗೆ ಅಳು ಬಂದ್ರ, ಈ ಮನ್ಯಾಗ ಎಲ್ಲಿ ಕುಂತು ಅಳಬೇಕು?"

ಇದೆಂಥ ಪ್ರಶ್ನೆ! ತೊದಲುತ್ತಲೇ ಕೇಳಿದೆ. ಆ ತಾಯಿ ನಗಲಿಲ್ಲ. ಅತ್ತೆಯ ಕೈ ಹಿಡಿದು ಹಿತ್ತಿಲ ಬಾಗಿಲಿಗೆ ಕರೆದೊಯ್ದಳು. ಅಲ್ಲೊಂದು ಹಳೆಯ ಮರದ ಬೆಂಚಿತ್ತು. "ಮದುವೆಯಾಗಿ ಬಂದ ಹೊಸದರಲ್ಲಿ ನಾನು ಇಲ್ಲಿ ಕೂತು ಅಳುತ್ತಿದ್ದೆ. ಅವಳು ಅತ್ತರೆ ಪಕ್ಕದಲ್ಲಿ ನಾನೂ ಕೂತಿರುತ್ತೇನೆ," ಎಂದಳು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಆ ಬೆಂಚಿನ ಮೇಲೆ ಕುಳಿತಳು. ಅದರ ಹಲಗೆಯನ್ನು ಅಂಗೈಯಿಂದ ಸವರಿದಳು.

"ನನ್ನ ಕೊಡುವಾಗ ಮನಿ ನೋಡಾಕ ಯಾರೂ ಹೋಗಿದ್ದಿಲ್ಲ ತಮ್ಮಾ. ನಿಮ್ಮ ಮುತ್ಯಾ, ಅಂದ್ರ ನಮ್ಮಪ್ಪ, ಸಂತ್ಯಾಗ ಯಾರೋ ಹೇಳಿದ್ದು ನಂಬಿದ. ನಿಮ್ಮ ಮಾವ ಒಳ್ಳೇಂವ, ಖರೆ. ಆದ್ರ ಆ ಮನ್ಯಾಗ ಅಳಾಕ ಜಾಗಾ ಇದ್ದಿಲ್ಲ. ಎಮ್ಮಿ ಹಿಂದ ಕುಂತು ಅಳತಿದ್ನಿ."

ಚಿಕ್ಕಂದಿನಿಂದ ಅತ್ತೆಯ ಕೈಯಡುಗೆ ಉಂಡು ಬೆಳೆದವನು ನಾನು. ಅವಳು ಅತ್ತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬೆಂಚಿನ ಮೇಲೆ ತುಸು ಸರಿದಳು. ಪಕ್ಕದಲ್ಲಿ ಜಾಗ ಮಾಡಿ, ಹುಡುಗನ ತಾಯಿಯ ಕೈ ಹಿಡಿದು ಕೂರಿಸಿಕೊಂಡಳು.

"ಬೀಗತೀ, ಒಂದು ತಂಬಿಗಿ ನೀರು ತರಸ್ರಿ."

ನಾನು ಬಾಯಿ ತೆರೆಯುವ ಮೊದಲೇ ಮಗಳು ನಲ್ಲಿಯತ್ತ ಓಡಿದಳು.