ದಬ್ಬಿದವರಿಗೆ ಸವಾರಿ ಪುಕ್ಕಟೆ

ಗಾಡಿ ಬದಲಾಯಿಸುವುದು ದೊಡ್ಡ ಕೆಲಸವಲ್ಲ ಎಂದು ನಾನು ತಿಳಿದಿದ್ದೆ. ಎತ್ತು ಮುದಿಯಾದರೆ ಬದಲಾಯಿಸುತ್ತೇವೆ. ಕೊಡ ಸೋರಿದರೆ ಬದಲಾಯಿಸುತ್ತೇವೆ. ಗಂಡನೊಬ್ಬನನ್ನು ಬಿಟ್ಟರೆ ಮನೆಯಲ್ಲಿ ಬದಲಾಯಿಸಲಾಗದ ಸಾಮಾನು ಯಾವುದಿದೆ? ಹಾಗಾಗಿ ನಮ್ಮ ಪಿಕಪ್ ಗಾಡಿ ಕೊಟ್ಟು ಮೂರು ಗಾಲಿಯ ಟೆಂಪೋ ತರಬೇಕೆಂಬ ವಿಷಯವನ್ನು ನಾನೊಬ್ಬಳೇ ಒಲೆಯ ಮುಂದೆ ಕೂತು ಚರ್ಚಿಸಿ, ಸರ್ವಾನುಮತದಿಂದ ಪಾಸು ಮಾಡಿದೆ.

ಆಗ ಎಂಬತ್ತರ ಆಸುಪಾಸು. ಮಾನ್ವಿಯಲ್ಲಿ ನಮ್ಮದು ಮಂಡಾಳು ಹುರಿಯುವ ಭಟ್ಟಿ. ನೀವು ಮಂಡಕ್ಕಿ ಅನ್ನುತ್ತೀರಲ್ಲ, ಅದೇ. ವಾರಕ್ಕೊಮ್ಮೆ ಪಿಕಪ್ಪಿನಲ್ಲಿ ಚೀಲ ಹೇರಿಕೊಂಡು ದೇವದುರ್ಗದ ಸಂತೆಗೆ ಹೋಗುತ್ತಿದ್ದೆವು. ಅಲ್ಲಿ ಬೇವಿನ ಮರದ ಕೆಳಗೆ ನಮ್ಮ ಜಾಗ. ನಮ್ಮದು ಅಂದರೆ, ಮೊದಲು ಬಂದು ಗೋಣಿತಟ್ಟು ಹಾಸಿದವರದು. ನೆರಳಿಗೆ ಕೂತರೆ ಮಾಲೆಲ್ಲ ಖಾಲಿ. ಬಿಸಿಲಿಗೆ ಕೂತರೆ ಅರ್ಧ ಮಾಲು ಮನೆಗೆ ವಾಪಸ್. ಎರಡು ವಾರದಿಂದ ನಾವು ತಡವಾಗಿ ಹೋಗಿದ್ದರಿಂದ, ನನ್ನಂತೆಯೇ ಮಂಡಾಳು ಮಾರುವ ಶರಣಮ್ಮ ಅಲ್ಲಿ ಕೂತಿದ್ದಳು. ಸಂತೆಯ ಕಾಯಿದೆ ಹೇಗೆಂದರೆ, ಮೂರು ವಾರ ಒಂದೇ ಕಡೆ ಕೂತವರನ್ನು ಆಮೇಲೆ ದೇವರೂ ಎಬ್ಬಿಸುವಂತಿಲ್ಲ. ಅಂದರೆ ಈ ವಾರ ತಪ್ಪಿದರೆ ಮರ ಹೋಯಿತು!

ತಡವಾಗಲು ಕಾರಣ ಪಿಕಪ್ಪು. ಅದು ಕೀಲಿ ತಿರುವಿದರೆ ಏಳುವ ಜಾತಿಯದಲ್ಲ. ದಬ್ಬಬೇಕು. ಅದಕ್ಕೆ ನಮ್ಮ ಓಣಿಯ ಸಂತೆ ಮಂದಿ ಬೆಳಿಗ್ಗೆ ಗಂಟು ಹೊತ್ತು ಬರುತ್ತಿದ್ದರು. ಶೇಂಗಾ ಮಾರುವ ಹುಸೇನಬಿ, ಹಗ್ಗ ಮಾರುವ ಈರಣ್ಣ, ಇನ್ನೂ ನಾಲ್ಕೈದು ಜನ. ದಬ್ಬಿದವರಿಗೆ ಸವಾರಿ ಪುಕ್ಕಟೆ ಎಂಬುದು ಕರಾರು. ಆದರೆ ಹುಸೇನಬಿ ಬರದೆ ಈರಣ್ಣ ದಬ್ಬುವುದಿಲ್ಲ, ಈರಣ್ಣನ ಚಹಾ ಮುಗಿಯದೆ ಹುಸೇನಬಿ ದಬ್ಬುವುದಿಲ್ಲ. ನಾನು ಮಾತ್ರ ಮಾಲಕಿ! ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹುಕುಂ ಮಾಡುತ್ತಿದ್ದೆ.

"ಇನ್ನ ಈ ಗಾಡಿ ಸಾಕ್ರಿ," ಎಂದೆ ಯಜಮಾನರಿಗೆ.

"ಗಾಡಿ ಏನ್ ಮಾಡ್ತದ ಬೇ? ಮುಂಜಾನಿ ಥಂಡಿಗಿ ಹಂಗ ಆಗ್ತದ."

"ನಮ್ಮ ಮಾನ್ವ್ಯಾಗ, ಬ್ಯಾಸಿಗ್ಯಾಗ, ಥಂಡಿ!"

ಯಜಮಾನರು ಎದ್ದು ಪಿಕಪ್ಪಿನ ಮೈ ಒರೆಸಲು ಹೋದರು. ನನ್ನ ಮೈಗೆ ಜ್ವರ ಬಂದಾಗಲೂ ಅಷ್ಟು ಮೆತ್ತಗೆ ಕೈ ಇಟ್ಟವರಲ್ಲ.

ರಾಯಚೂರಿನ ಖಾಸಿಂಸಾಬ್ ತನ್ನ ಟೆಂಪೋ ಕೊಟ್ಟು ಪಿಕಪ್ ತೆಗೆದುಕೊಳ್ಳಲು ತಯಾರಿದ್ದಾನೆಂದು ಕೇಳಿ, ನಾನೇ ಬಸ್ ಹತ್ತಿ ನೋಡಲು ಹೋದೆ. ಎತ್ತು ಕೊಳ್ಳುವ ಕ್ರಮ ನನಗೆ ಚೆನ್ನಾಗಿ ಗೊತ್ತು. ಹಲ್ಲು ನೋಡಬೇಕು, ಸುಳಿ ನೋಡಬೇಕು, ಗೊರಸು ತಟ್ಟಬೇಕು. ಟೆಂಪೋವನ್ನು ಎರಡು ಸುತ್ತು ಸುತ್ತಿ, ಗಾಲಿ ತಟ್ಟಿ, ಮುಂದಿನ ಮುಚ್ಚಳ ಎತ್ತಿಸಿ ಒಳಗೆ ಕೈ ಹಾಕಿದೆ. ಕೈ ಮೊಣಕೈವರೆಗೆ ಕಪ್ಪಾಗಿ ಬಂತು.

"ಅಮ್ಮಾ, ಹಲ್ಲು ಎಣಸಾಕತ್ತೀರೇನು?" ಎಂದ ಖಾಸಿಂಸಾಬ್.

"ಮೂರ ಗಾಲಿ ಅದಾವಲ್ಲ, ನಾಕನೇದು ಎಲ್ಲಿ ಹೋತು?"

"ಇರೋದ ಮೂರು."

"ಮೂರು ಕಾಲಿನ ಎತ್ತು ಯಾರರ ತಗೋತಾರೇನಪ್ಪಾ?"

ಅವನು ಸೀಟಿನ ಬದಿಗೆ ಬಗ್ಗಿದ. ಒಂದು ಹಿಡಿ ಹಿಡಿದು ಎಳೆದ. ಫಟ್ ಫಟ್ ಫಟ್! ಯಾರೂ ದಬ್ಬಲಿಲ್ಲ. ನಾನು ಸೋತೆ.

ಆದರೂ ಎತ್ತನ್ನು ಒಂದು ದಿನ ನಮ್ಮ ನೊಗಕ್ಕೆ ಕಟ್ಟಿ ನೋಡದೆ ಕೊಳ್ಳಬಾರದು. ಒಂದು ಸಂತೆ ಮಾಡಿಸಿ ನೋಡುತ್ತೇನೆ, ಓಡಿಸಲು ನೀನೇ ಬಾ ಎಂದೆ. ಖಾಸಿಂಸಾಬ್ ಒಪ್ಪಿದ. ಪಾಪ.

ಸಂತೆಯ ದಿನ ಬೆಳಕು ಹರಿಯುತ್ತಲೇ ಟೆಂಪೋ ಬಂತು. ಯಜಮಾನರು ಮುಖ ತಿರುಗಿಸಿ ಪಿಕಪ್ಪಿನಲ್ಲಿ ಕೂತಿದ್ದರು. ಹುಸೇನಬಿ ಗಂಟು ಹೊತ್ತು ಬಂದು ನಿಂತಳು.

"ಹುಲಿಗೆವ್ವಾ, ಇವತ್ತು ದಬ್ಬೋದು ಬ್ಯಾಡೇನು?"

"ಬ್ಯಾಡ ನಮ್ಮವ್ವಾ. ಇದು ತಾನ ನಡೀತದ."

"ಹಂಗಾದ್ರ ನಮ್ಮ ಗತಿ?"

"ನಿಮ್ಮನ್ನ ದಬ್ಬೋರು ಯಾರರ ಸಿಗ್ತಾರೇನು ನೋಡ್ರಿ!"

ಎಷ್ಟು ಚಂದ ಉತ್ತರ ಕೊಟ್ಟೆನೆಂದು ನನಗೇ ಹೆಮ್ಮೆಯಾಯಿತು. ಆದರೆ ಚೀಲ ಹೇರುವಾಗ ಒಂದು ಸಂಗತಿ ತಿಳಿಯಿತು. ಪ್ರತಿ ವಾರ ಚೀಲ ಹೇರುತ್ತಿದ್ದವರು ಈ ದಬ್ಬುವವರೇ! ನಾನು, ಖಾಸಿಂಸಾಬ್ ಇಬ್ಬರೇ ಏದುಸಿರು ಬಿಡುತ್ತ ಪಿಕಪ್ಪಿನಷ್ಟೇ ಎತ್ತರಕ್ಕೆ ಹೇರಿದೆವು.

"ಅಮ್ಮಾ, ಮಾಲು ಹಗುರ ಅದ. ಮ್ಯಾಲ ಭಾರ ಇಲ್ಲಂದ್ರ ಗಾಳಿಗಿ ಹಾರ್ತದ," ಎಂದ.

ಪಿಕಪ್ಪಿನಲ್ಲಿ ಮಂದಿ ಚೀಲದ ಮೇಲೆ ಕೂರುತ್ತಿದ್ದರು. ಪುಕ್ಕಟೆ ಸವಾರಿ ಎಂದು ನಾನು ಗೊಣಗುತ್ತಿದ್ದುದು ಆ ಭಾರದ ಮೇಲೆಯೇ!

"ಭಾರಕ್ಕ ನಾ ಇಲ್ಲೇನು?" ಎಂದು ನಾನೇ ಮೇಲೆ ಹತ್ತಿ ಕೂತೆ.

ಸಿರವಾರದವರೆಗೆ ಮಹಾರಾಣಿಯಂತೆ ಹೋದೆ. ಅದನ್ನು ದಾಟಿದ ಮೇಲೆ, ಕಾಲುವೆಯ ತಿರುವಿನಲ್ಲಿ, ಎದುರಿಗೆ ಒಂದು ಎತ್ತಿನ ಬಂಡಿ. ಖಾಸಿಂಸಾಬ್ ಗಕ್ಕನೆ ತಿರುವಿದ. ಟೆಂಪೋ ಒಂದು ಕಡೆ ವಾಲಿತು. ನಾಲ್ಕನೆಯ ಗಾಲಿ ಏಕೆ ಬೇಕೆಂಬುದು ಅಲ್ಲಿ ತಿಳಿಯಿತು. ಟೆಂಪೋ ಹೇಗೋ ನೆಟ್ಟಗಾಯಿತು. ಹಗ್ಗ ಹರಿದು ಚೀಲಗಳೂ ನಾನೂ ಕಾಲುವೆಗೆ ಬಿದ್ದೆವು!

ಮುಳುಗಲಿಲ್ಲ. ಮಂಡಾಳು ತೇಲುತ್ತದೆ. ಅದನ್ನು ತಬ್ಬಿಕೊಂಡವಳೂ ತೇಲುತ್ತಾಳೆ. ನಾನು ದೇವದುರ್ಗದ ದಾರಿ ಬಿಟ್ಟು ನೀರು ಹೋದ ಕಡೆ ಹೊರಟೆ. ಖಾಸಿಂಸಾಬ್ ದಂಡೆಯ ಮೇಲೆ ಓಡುತ್ತ, "ಅಮ್ಮಾ, ಬ್ರೇಕ್ ಹಾಕ್ರಿ! ಬ್ರೇಕ್ ಹಾಕ್ರಿ!" ಎಂದು ಕೂಗುತ್ತಿದ್ದ. ಗಾಬರಿಯಲ್ಲಿ ನಾನೂ ಕಾಲು ಒತ್ತಿದೆ!

ಅಷ್ಟರಲ್ಲಿ ಸೇತುವೆಯ ಮೇಲೆ ನಮ್ಮ ಪಿಕಪ್ಪು ಕೆಮ್ಮುತ್ತ ಬಂತು. ಹಿಂದೆ ಓಣಿಯ ಮಂದಿಯೆಲ್ಲ ಕೂತಿದ್ದರು. ಮಾಲಿಲ್ಲದ ಗಾಡಿಯನ್ನೂ ಅವರು ದಬ್ಬಿ ಎಬ್ಬಿಸಿದ್ದರು. ಜೀವ ಬಂದಂತಾಯಿತು. "ರೀ! ನಿಲ್ಲಸ್ರೀ!" ಎಂದು ಕೂಗಿದೆ.

ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನಿಲ್ಲಿಸಿದ್ರ ಮತ್ತ ಶುರು ಆಗಂಗಿಲ್ಲ ಬೇ! ನಾ ಹೋಗಿ ಜಾಗ ಹಿಡೀತೀನಿ, ನೀ ಈಸಿಕೋತ ಬಾ!"

ಹೋಗೇಬಿಟ್ಟರು. ಹುಸೇನಬಿ ಕೈ ಬೀಸಿದಳು.

ಗದ್ದೆಗೆ ನೀರು ಹಾಯಿಸುತ್ತಿದ್ದವರು ನನ್ನನ್ನೂ ಚೀಲಗಳನ್ನೂ ಎಳೆದು ದಂಡೆಗೆ ಹಾಕಿದರು. ಮತ್ತೆ ಟೆಂಪೋಗೆ ಹೇರಿಕೊಂಡು ದೇವದುರ್ಗ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೇವಿನ ಮರದ ಕೆಳಗೆ ಯಜಮಾನರು ಬರೀ ಗೋಣಿತಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಸುತ್ತ ನಮ್ಮ ಓಣಿಯವರು ಕಾವಲು. ಶರಣಮ್ಮ ಬಿಸಿಲಲ್ಲಿ ಕೂತು ಶಪಿಸುತ್ತಿದ್ದಳು. ಜಾಗ ಸಿಕ್ಕಿತು! ಮಾಲು ಮಾತ್ರ ನೆಂದು ಮುದ್ದೆಯಾಗಿತ್ತು.

ಹುಸೇನಬಿ ಚೀಲ ಬಿಚ್ಚಿ ಮುಟ್ಟಿ ನೋಡಿದಳು. "ಏನೂ ಕೆಟ್ಟಿಲ್ಲ ಬಿಡು. ಹ್ಯಾಂಗಿದ್ರೂ ತೋಯಿಸಿ ಹಿಂಡಿ ಒಗ್ಗರಣಿ ಹಾಕೋದಲ್ಲೇನು? ತೋಯಿಸೋ ಕೆಲಸ ಹುಲಿಗೆವ್ವ ಮಾಡ್ಯಾಳ."

ಮಿರ್ಚಿ ಅಂಗಡಿಯ ಬಾಣಲೆ ಬಂತು. ಈರಣ್ಣ ಉಳ್ಳಾಗಡ್ಡಿ ಹೆಚ್ಚಿದ. ಹುಸೇನಬಿ ತನ್ನ ಶೇಂಗಾ ಸುರಿದಳು. ವಾಸನೆಗೆ ಸಂತೆಯೇ ತಿರುಗಿತು. ಒಬ್ಬ ಗಿರಾಕಿ ಮಾತ್ರ, "ಯವ್ವಾ, ಹಲ್ಲಿಗೆ ಉಸುಕು ಸಿಗಾಕತ್ತದಲ್ಲ," ಎಂದ.

"ಉಪ್ಪು ಅದು. ಸುಮ್ಮನ ನುಂಗು," ಎಂದೆ.

ಸಂಜೆ ಹೊರಡುವಾಗ ಶರಣಮ್ಮನ ಮುಂದೆ ಡೌಲು ತೋರಿಸಬೇಕೆನಿಸಿತು. ಟೆಂಪೋವನ್ನು ನಾನೇ ಎಬ್ಬಿಸುತ್ತೇನೆಂದು ಹೋಗಿ ಆ ಹಿಡಿಯನ್ನು ಬಲವಾಗಿ ಎಳೆದೆ. ಹಿಡಿ ಕಿತ್ತು ಕೈಗೆ ಬಂತು!

ಖಾಸಿಂಸಾಬ್ ಆ ಹಿಡಿಯನ್ನೂ ನನ್ನನ್ನೂ ನೋಡಿದ. "ಅಮ್ಮಾ, ಈ ಸೌದಾ ಬ್ಯಾಡ. ನೀವು ನನ್ನ ಗಾಡಿ ನೋಡಿದ್ರಿ. ನಾನು ನಿಮ್ಮನ್ನ ನೋಡಿದೆ. ಮುಗೀತು."

ನಮ್ಮ ಓಣಿಯವರಿಗೆ ರೂಢಿ ಅಲ್ಲವೇ? ಎಲ್ಲರೂ ಸೇರಿ ಟೆಂಪೋ ದಬ್ಬಿದರು. ಫಟ್ ಫಟ್ ಎಂದಿತು. ಕರಾರಿನ ಪ್ರಕಾರ ಎಲ್ಲರೂ ಹಾರಿ ಅದರಲ್ಲೇ ಕೂತರು. ಹೊರಟೂ ಹೋದರು!

ಉಳಿದದ್ದು ಪಿಕಪ್ಪು, ನಾನು, ಯಜಮಾನರು. ದೇವದುರ್ಗದಲ್ಲಿ ಇಳಿಜಾರಿಗೆ ಬರವಿಲ್ಲ, ಆದರೆ ಜಾಗ ಹಿಡಿಯುವ ಅವಸರದಲ್ಲಿ ಯಜಮಾನರು ಸಪಾಟು ನೆಲದಲ್ಲಿ ಗಾಡಿ ನಿಲ್ಲಿಸಿದ್ದರು. ಅವರು ಸ್ಟೀರಿಂಗ್ ಹಿಡಿದು ಕೂತು, ಕನ್ನಡಿಯಲ್ಲಿ ನನ್ನನ್ನೇ ನೋಡಿದರು.

"ಹೂಂ," ಎಂದರು.

ಸೀರೆ ಮೇಲೆ ಕಟ್ಟಿ ಹಿಂದೆ ನಿಂತೆ. "ಜೋರ್ ದಬ್ಬವ್ವಾ, ಜೋರ್!" ಎಂದು ಶರಣಮ್ಮ ಉತ್ಸಾಹ ತುಂಬಿದಳು. ಇಳಿಜಾರು ಸಿಗುವವರೆಗೆ ದಬ್ಬಿದೆ. ಗಾಡಿ ಕೆಮ್ಮಿತು, ಎದ್ದಿತು, ಓಡಿತು. ಯಜಮಾನರು ನಿಲ್ಲಿಸಲಿಲ್ಲ. ನಿಲ್ಲಿಸುವಂತೆಯೂ ಇರಲಿಲ್ಲ.

ಸೆರಗು ಹಲ್ಲಲ್ಲಿ ಕಚ್ಚಿ, ಸಂತೆಯ ಉದ್ದಕ್ಕೂ ಓಡಿ, ಹಿಂದಿನಿಂದ ಹತ್ತಿ ಬಿದ್ದೆ. ದಬ್ಬಿದ್ದೆನಲ್ಲ, ಹಕ್ಕು ಬಿಡಲಾದೀತೇ?