ನೆಕ್ಸ್ಟ್ ಸಂಡೇ ಬಂದ ಬೀಗರು

ಮನೆಯಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರಿದ್ದರೆ ಉಳಿದವರು ನೆಮ್ಮದಿಯಾಗಿರಬಹುದು ಅಂತ ಜನ ತಿಳಿದಿದ್ದಾರೆ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವ ನಾನೂ ಹಾಗೇ ತಿಳಿದಿದ್ದೆ. ‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ, ‘ಬೈ’ ಎಲ್ಲಿ, ‘ಟಿಲ್’ ಎಲ್ಲಿ ಎಂದು ಕೇಳಿದವರಿಗೂ ಕೇಳದವರಿಗೂ ತಿದ್ದಿ ಹೇಳಿದವನು ನಾನು. ಒಮ್ಮೆ ತಳಕಿನ ಬಸ್ಸಿನಲ್ಲಿ ಪಕ್ಕದವರು ಫೋನಿಗೆ ‘ವೇಟಿಂಗ್ ಸಿನ್ಸ್ ಒನ್ ಅವರ್’ ಅಂದರು. ‘ಫಾರ್ ಒನ್ ಅವರ್’ ಅಂತ ಮೆಲ್ಲಗೆ ತಿದ್ದಿದೆ. ಅವರು ಸೀಟು ಬಿಟ್ಟು ಹೋಗಿ, ಊರು ಬರುವವರೆಗೂ ನಿಂತೇ ಇದ್ದರು.

ನನ್ನ ತಂಗಿ ಗಿರಿಜಾ ನರ್ಸು. ಮೂವತ್ತೆರಡು ತುಂಬುವವರೆಗೂ ಮದುವೆ ಮಾತೆತ್ತಿದರೆ ‘ಡ್ಯೂಟಿ ಐತೆ’ ಅಂತ ಎದ್ದು ಹೋಗುತ್ತಿದ್ದವಳು, ಮೊನ್ನೆ ಮೊದಲ ಸಲ ‘ಬರ್ಲಿ, ನೋಡಾಣ’ ಅಂದಳು. ಹುಡುಗ ಮೊಳಕಾಲ್ಮೂರಿನ ತಿಪ್ಪೇಸ್ವಾಮಿ, ರೇಷ್ಮೆ ಸೀರೆಯ ಅಂಚಿಗೆ ಡಿಸೈನ್ ಬರೆಯುವವನು. ಬುಧವಾರ ಅವನ ಮೆಸೇಜು ಬಂತು: ನೆಕ್ಸ್ಟ್ ಸಂಡೇ, ಹಾಫ್ ಪಾಸ್ಟ್ ಟೆನ್‌ಗೆ ಬರುತ್ತೇವೆ.

“ಬರೋ ಭಾನುವಾರ ತಾನೇ? ಫೋನ್ ಮಾಡಿ ಕೇಳಿಬಿಡೋ,” ಅಂದಳು ಅವ್ವ.

“ಬರೋದು ದಿಸ್ ಸಂಡೇ ಅವ್ವ. ನೆಕ್ಸ್ಟ್ ಅಂದ್ರೆ ಅದರಾಚೇದು. ಇಂಗ್ಲಿಷ್ ಮೇಷ್ಟ್ರು ಇದನ್ನೆಲ್ಲ ಫೋನ್ ಮಾಡಿ ಕೇಳೋದಾ?”

ಹೇಗೂ ಹನ್ನೊಂದು ದಿನ ಟೈಮಿದೆಯಲ್ಲ, ಹಾಲ್‌ನ ಗೋಡೆಗೆ ಬಣ್ಣ ಹೊಡೆಯೋಣ ಅಂತ ನಾನೇ ಹೊರಟೆ. ಭಾನುವಾರ ಬೆಳಿಗ್ಗೆ ಸೋಫಾ, ಕುರ್ಚಿ ಎಲ್ಲ ಅಂಗಳಕ್ಕೆ ಬಂದವು. ಗಿರಿಜಾ ತಲೆಗೆ ಹರಳೆಣ್ಣೆ ಮೆತ್ತಿಕೊಂಡು ಕೂತಿದ್ದಳು. ನಾನು ತೂತು ಬನಿಯನ್ನಿನಲ್ಲಿ ಸ್ಟೂಲಿನ ಮೇಲಿದ್ದೆ. ಸರಿಯಾಗಿ ಹತ್ತೂವರೆಗೆ ಬಾಗಿಲಲ್ಲಿ ಕಾರು ನಿಂತಿತು. ತಿಪ್ಪೇಸ್ವಾಮಿಯೂ ಅವನ ತಾಯಿಯೂ ಒಳಗೆ ಬಂದರು.

“ನೀವು ಬರೋದು ಮುಂದಿನ ವಾರ ಅಲ್ವಾ?” ಅಂದೆ, ಸ್ಟೂಲಿನ ಮೇಲಿಂದಲೇ.

“ನೆಕ್ಸ್ಟ್ ಸಂಡೇ ಅಂತ ಹಾಕಿದ್ನಲ್ಲ ಸಾರ್?”

“ಅದನ್ನೇ ಹೇಳ್ತಿರೋದು. ನೆಕ್ಸ್ಟ್ ಅಂದರೆ...” ಎಂದು ಬ್ರಶ್ಶನ್ನು ಸೀಮೆಸುಣ್ಣದ ಹಾಗೆ ಎತ್ತಿದೆ. ದಪ್ಪ ಹಸಿರು ಹನಿಯೊಂದು ಬಿತ್ತು. ಬಿದ್ದದ್ದು ತಾಯಿಯ ರೇಷ್ಮೆ ಸೆರಗಿನ ಮೇಲೆ, ಮಗನೇ ಬರೆದ ಅಂಚಿನ ಮೇಲೆ.

ತಂಗಿಯ ಬಾಳಿಗೆ ನಾನೇ ಕಲ್ಲು ಹಾಕಿದೆನಲ್ಲ ಅನ್ನಿಸಿತು. ಅಷ್ಟರಲ್ಲಿ ಗಿರಿಜಾ ಎಣ್ಣೆ ತಲೆಯಲ್ಲೇ ಒದ್ದೆ ಹತ್ತಿ ಹಿಡಿದು ಓಡಿಬಂದು ಸೆರಗಿನ ಮುಂದೆ ಕೂತಳು.

“ಉಜ್ಜಬ್ಯಾಡ್ರಿ, ಜರಿ ಕಿತ್ಕೊಂಡು ಬರ್ತತೆ. ಒತ್ತಿ ತೆಗೀರಿ,” ಎಂದು ತಿಪ್ಪೇಸ್ವಾಮಿಯೂ ಕೂತ.

“ಗೊತ್ತೈತೆ. ಗಾಯ ಒರೆಸಿ ಅಭ್ಯಾಸ ಐತೆ ನಂಗೆ.”

ಅವನು ನಕ್ಕ. ಕಲೆ ಹೋದ ಮೇಲೂ ಇಬ್ಬರೂ ಸೆರಗನ್ನೇ ನೋಡುತ್ತಿದ್ದರು. ತಾಯಿ ಮಗನ ಕಡೆ ಬಗ್ಗಿ, “ಪಿಲ್ಲ ಬಾಗುಂದಿರಾ,” ಅಂದರು ತೆಲುಗಿನಲ್ಲಿ, ಹುಡುಗಿ ಚೆನ್ನಾಗಿದ್ದಾಳೆ ಅಂತ. ಅಂಗಳದ ಸೋಫಾದಲ್ಲೇ ಎಲ್ಲರೂ ಉಪ್ಪಿಟ್ಟು ತಿಂದೆವು. “ಎಣ್ಣೆ ತಲೆ ನೋಡೇ ಒಪ್ಪಿದಾರೆ. ಇನ್ನು ಮುಚ್ಚಿಡೋಕೆ ಏನೈತೆ?” ಅಂದಳು ಗಿರಿಜಾ ಸಂಜೆ, ಒಂದು ಥರ ಹಗುರಾಗಿ.

ಮರುದಿನ ತಿಪ್ಪೇಸ್ವಾಮಿಯ ಫೋನು. “ಸಾರ್, ನಿಶ್ಚಿತಾರ್ಥ ಇನ್ ಟೂ ವೀಕ್ಸ್ ಇಟ್ಕಳ್ಳಾಣ?”

ಎರಡು ವಾರ ಕಳೆದ ಮೇಲೋ, ಎರಡು ವಾರದ ಒಳಗೋ? ಈ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ ನಾನು! ಸುಮ್ಮನೆ ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವಳು ವಾರ, ತಾರೀಕು, ಗಂಟೆ ಮೂರನ್ನೂ ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಇನ್ನೊಮ್ಮೆ ಗಟ್ಟಿ ಮಾಡಿಕೊಂಡಳು. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಮಾತ್ರ ನನಗೆ ಬಂತು. ಹಾಕಿದ ಮೇಲೆ ಅವ್ವ ಕನ್ನಡಕ ಏರಿಸಿಕೊಂಡು ಬಂದು, ಸರಿಯಾದ ತಾರೀಕಿನ ಮನೆಯಲ್ಲೇ ಹಾಕಿದ್ದೀನಾ ಅಂತ ನೋಡಿ ಹೋದಳು.