ತಮ್ಮ ಪಟ್ಟಿಯಲ್ಲಿಲ್ಲದ ನನ್ನ ಅಕ್ಕ

ಬಾಲ್ಯದ ಬಡತನವನ್ನು ಇಪ್ಪತ್ತೆರಡು ವರ್ಷಗಳಿಂದ ಬಿಟ್ಟೂಬಿಡದೆ ಅಧ್ಯಯನ ಮಾಡುತ್ತಿರುವ ಸಂಸ್ಥೆಯ ನಿರ್ದೇಶಕ ಮಹಾಶಯರ ಸನ್ನಿಧಿಗೆ, ರಾಮನಗರ ತಾಲ್ಲೂಕು ಕೈಲಾಂಚ ಹೋಬಳಿಯ ಸುಮನಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಹೆಸರು ಹೇಳಿದರೆ ತಮಗೆ ಗುರುತು ಹತ್ತಲಾರದು. ನಾನು ತಮ್ಮ ಇನ್ನೂರ ಹದಿನೇಳನೇ ಮಗು. ನನಗೆ ಒಂದು ವರ್ಷವಾಗಿದ್ದಾಗ ತಮ್ಮವರು ಮೊದಲ ಸಲ ನಮ್ಮ ಮನೆಗೆ ಬಂದು ನನ್ನನ್ನು ತೂಗಿದರು. ಅಲ್ಲಿಂದಾಚೆಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಬಂದು ನನ್ನ ಎತ್ತರವೆಷ್ಟು, ತೋಳಿನ ಸುತ್ತಳತೆಯೆಷ್ಟು, ವಾರಕ್ಕೆಷ್ಟು ಮೊಟ್ಟೆ ತಿನ್ನುತ್ತೇನೆ, ಮನೆಯ ಮೇಲಿರುವುದು ಹೆಂಚೋ ಶೀಟೋ ಎಂಬುದನ್ನೆಲ್ಲ ಬರೆದುಕೊಂಡು ಹೋದರು. ಸ್ವಂತ ಸೋದರಮಾವನೂ ನಮ್ಮನ್ನು ಇಷ್ಟು ಕ್ರಮವಾಗಿ ವಿಚಾರಿಸಿಕೊಂಡವನಲ್ಲ.

ತಾವು ಕೃಪೆಯಿಟ್ಟು ಕಳಿಸಿದ ಅಂತಿಮ ವರದಿ ಕೈಸೇರಿದೆ. 'ಹೊರಗಿನ ಯಾವ ನೆರವೂ ಇಲ್ಲದೆ ಸ್ವಂತ ಛಲದಿಂದ ಶಾಲೆಗೆ ಮರಳಿ ನರ್ಸ್ ಆದ ಬಾಲಕಿ' ಎಂದು ಅದರಲ್ಲಿ ನನ್ನನ್ನು ಹೊಗಳಿದ್ದೀರಿ. ಓದಿ ಹಿಗ್ಗಿದೆ, ಆಮೇಲೆ ನಾಚಿಕೆಯಾಯಿತು. ಅದು ನಿಜವಲ್ಲ ಎಂದು ತಮ್ಮಂಥ ವಿದ್ವಾಂಸರಿಗೆ ತಿಳಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ನನಗೆ ಹನ್ನೆರಡಾದ ವರ್ಷ ಅಪ್ಪ ಬಸವಯ್ಯ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಮೊದಲು ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕ ಪುಟ್ಟಿ, ತಿಂಗಳು ಕಳೆದ ಮೇಲೆ ನಾನು, ಶಾಲೆ ಬಿಟ್ಟು ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಸೇರಿದೆವು. ಬೆಂದ ಗೂಡುಗಳ ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ನಮ್ಮ ಬೆರಳುಗಳು ಬಿಳುಚಿ ಸುಲಿದಿದ್ದವು. ಒಂದು ಭಾನುವಾರ ತಮ್ಮ ಪ್ರತಿಮಾ ಮೇಡಂ ಪ್ರಶ್ನೆಗಳ ಕಟ್ಟು ಹಿಡಿದು ಬಂದರು. ನನ್ನ ಕೈ ನೋಡಿ ಅವರ ಕಣ್ಣು ತುಂಬಿತು, ಪೆನ್ನು ಮಾತ್ರ ನಿಲ್ಲಲಿಲ್ಲ. 'ಇಷ್ಟೆಲ್ಲಾ ಬರ್ಕೊಂಡ್ ಹೋಯ್ತೀರಲ್ಲ ಮೇಡಂ, ಇಸ್ಕೂಲ್ನೋರ್ಗೆ ಒಂದ್ ಮಾತ್ ಹೇಳಕ್ಕಾಗಕಿಲ್ವಾ?' ಎಂದು ಅವ್ವ ಅಂಕಮ್ಮ ಕೇಳಿದಳು. 'ನಾವು ನೆರವಾದ್ರೆ ಅಧ್ಯಯನ ಕೆಡುತ್ತಮ್ಮ' ಎಂದು ಮೇಡಂ ತಲೆ ತಗ್ಗಿಸಿದರು. ಬಡತನವನ್ನು ಇಷ್ಟು ಜೋಪಾನವಾಗಿ ಕಾಪಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ತಮ್ಮ ಪ್ರಶ್ನಾವಳಿಯೇ ತಮಗೆ ಕೈಕೊಟ್ಟಿತು. 'ನೀನು ಎಲ್ಲಿಯವರೆಗೆ ಓದಬೇಕು ಅಂದುಕೊಂಡಿದ್ದೀಯ?' ಎಂದಿತ್ತು ಕೊನೆಯ ಪುಟದಲ್ಲಿ. ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರದ ಪ್ರಶ್ನೆ. 'ನರ್ಸ್ ಆಗೋಗಂಟ' ಎಂದುಬಿಟ್ಟೆ. ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿದಳು. 'ಇಂಗೊಂದ್ ಆಸೆ ಐತೆ ಅಂತ ನಂಗ್ಯಾಕ್ ಹೇಳ್ನಿಲ್ಲ ಕಣಮ್ಮಿ?' ಎಂದು ಗದರಿ, ಮರುದಿನವೇ ನನ್ನನ್ನು ಶಾಲೆಗೆ ಎಳೆದೊಯ್ದು ಕೂರಿಸಿ, ನನ್ನ ಜಾಗದಲ್ಲಿ ಶೆಡ್ಡಿಗೆ ತಾನು ಹೋದಳು. ಆದ್ದರಿಂದ ನನ್ನ ಛಲವನ್ನು ಅಳಿಸಿ, ಆ ಪ್ರಶ್ನೆಯನ್ನೂ ಅವ್ವನನ್ನೂ ಬರೆದುಕೊಳ್ಳಬೇಕಾಗಿ ಮೊದಲ ಪ್ರಾರ್ಥನೆ.

ಎರಡನೆಯದು ಕೊಂಚ ಕಷ್ಟದ್ದು. ಅಂದು ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಮೇಡಂ ಫೈಲು ಮಡಚುವಾಗ, 'ನನ್ನ ಕೇಳಾಕಿಲ್ವಾ?' ಎಂದಳು. 'ನಮ್ಮ ಪಟ್ಟಿಯಲ್ಲಿ ಮನೆಗೊಂದೇ ಮಗು ಕಣಮ್ಮ' ಎಂದರು ಮೇಡಂ. ಅಕ್ಕ ನಕ್ಕು, ಅವರನ್ನು ಬಸ್ಸಿನವರೆಗೆ ಕಳಿಸಿ ಬಂದಳು. ಅಂದಿನಿಂದ ಹನ್ನೊಂದು ವರ್ಷ ಅದೇ ಶೆಡ್ಡು. ತಮ್ಮಲ್ಲಿ ಎಲ್ಲ ದಾಖಲೆಗಳೂ ಭದ್ರವಾಗಿರುವುದರಿಂದ ಆ ಭಾನುವಾರವೂ ಯಾವುದೋ ಕಪಾಟಿನಲ್ಲಿ ಇರಲೇಬೇಕು. ದಯವಿಟ್ಟು ಹೊರತೆಗೆದು, ಆ ಹದಿನಾಲ್ಕರ ಹುಡುಗಿಯನ್ನು ಒಂದೇ ಒಂದು ಸಲ ಕೇಳಿ ಬರುವುದು.

ಅದು ತಡವಾದೀತೆಂದು ಕಳೆದ ತಿಂಗಳು ನಾನೇ ಕೇಳಿದೆ. 'ಈಗ್ಯಾಕ್ ಬುಡು' ಎಂದು ಎದ್ದು ಹೋದಳು. ಮೂರನೇ ದಿನ ಬಟ್ಟೆ ಹಿಂಡುತ್ತಾ, 'ಹತ್ನೇ ಕ್ಲಾಸ್ ಹೊರಗಿಂದ ಕಟ್ಬೌದಂತೆ, ಹೌದಾ?' ಎಂದಳು. ಅರ್ಜಿ ಹಾಕಿದ್ದೇವೆ. ಗಣಿತಕ್ಕೆ ಹೆದರಿ ದಿನಾ ಬೆಳಿಗ್ಗೆ ನನ್ನ ಮೇಲೆ ರೇಗುತ್ತಾಳೆ. ರೇಗಲಿ ಎಂದು ಸುಮ್ಮನಿದ್ದೇನೆ.

ಇನ್ನು ಮುಂದೆ ಅಳತೆಗೆ ಸಿಗದ,
ತಮ್ಮ ವಿಶ್ವಾಸಿ,
ಸುಮನಾ

ತಾ.ಕ.: ವರದಿಯ ಮುಖಪುಟದಲ್ಲಿ ನಗುತ್ತಿರುವ ಹುಡುಗಿಯ ಚಿತ್ರ ಬಹಳ ಚೆನ್ನಾಗಿ ಬಂದಿದೆ. ಅದು ನಾನಲ್ಲ, ಪುಟ್ಟಿ. ಫೋಟೋ ತೆಗೆಯುವಾಗಲೂ ಅವಳನ್ನು ಯಾರೂ ಕೇಳಲಿಲ್ಲವಂತೆ.